ತೌಡು ಎಮ್ಮಿಗೆ, ಶುಗರ್ ನನಗ

ಕೊಪ್ಪಳದ ಗವಿಮಠದ ಜಾತ್ರಿ ಮುಗಿದು ಹತ್ತು ದಿನ ಆಗಿತ್ತು. ನಮ್ಮವ್ವಂದು ಮೂರು ತಿಂಗಳ ಶುಗರ್ ಟೆಸ್ಟ್ ಐತಿ ಅಂತ ಮುಂಜಾನೆ ಏಳಕ್ಕ ಬೈಕ್ ಮ್ಯಾಲ ಕುಂದ್ರಿಸಿಕೊಂಡು ಗಂಗಾವತಿಯೊಳಗ ಒಂದು ಲ್ಯಾಬಿಗೆ ಹೋಗಿದ್ದೆ. ಆಕಿ ಖಾಲಿ ಹೊಟ್ಟಿಲೆ ಪಾಳಿಯೊಳಗ ಕುಂತಿದ್ಲು, ನಾನು ಮಗ ಅನ್ನಿಸಿಕೊಂಡವ ಎದುರಿನ ಬಂಡಿಗೆ ಹೋಗಿ ಒಂದು ಪ್ಲೇಟ್ ಒಗ್ಗರಣಿ, ಎರಡು ಮಿರ್ಚಿ, ಮ್ಯಾಲೊಂದು ಚಾ ಮುಗಿಸಿ ಬಾಯಿ ಒರಸಿಕೊಂಡು ಬಂದೆ. ಲ್ಯಾಬಿನ ಹುಡುಗ ಪರಿಚಯದವ. "ಅಣ್ಣಾ ನಿಮ್ದೂ ಒಂದ್ಸಲ ನೋಡೂಣೇನ್ರಿ" ಅಂದ, ಸುಮ್ನ ಮಾತಿಗೆ. ನಾನೂ ಸುಮ್ನ ಬೆರಳು ಕೊಟ್ಟೆ.

287.

ಅವ ಒಂದ್ಸಲ ನನ್ನ ಮಾರಿ ನೋಡಿದ, ಒಂದ್ಸಲ ಮಿಷಿನ್ ನೋಡಿದ. ನಮ್ಮವ್ವ ಕುಂತಲ್ಲಿಂದನ "ಮಿಷಿನ್ ಕೆಟ್ಟಿರಬೇಕು ತಮ್ಮಾ, ಅವಂದಿನ್ನೂ ಮದುವಿನ ಆಗಿಲ್ಲ" ಅಂದ್ಲು. ಮದುವಿಗೂ ಮಿಷಿನ್ನಿಗೂ ಏನು ಸಂಬಂಧ ಅಂತ ಅವತ್ತು ನಗು ಬಂತು. ಆದ್ರ ಸಂಬಂಧ ಇತ್ತು, ಅದನ್ನ ಆಮ್ಯಾಲ ಹೇಳ್ತೀನಿ.

ನನಗ ಆಗ 29. ತೂಕ 68 ಕೇಜಿ, ದಪ್ಪ ಅಂತ ಯಾರೂ ಅಂದಿಲ್ಲ, ಹೊಟ್ಟಿ ಮಾತ್ರ ಸ್ವಲ್ಪ ಮುಂದ. ಶುಗರ್ ಅಂದ್ರ ಐವತ್ತು ದಾಟಿದವರಿಗೆ, ದುಡ್ಡಿದ್ದವರಿಗೆ, ಡೊಳ್ಳು ಹೊಟ್ಟಿಯವರಿಗೆ ಬರೋದು ಅಂತನ ತಿಳಿದಿದ್ದೆ. ರಾತ್ರಿ ಎರಡು ಸಲ ಎದ್ದು ಒಂದಕ್ಕ ಹೋಗೋದು, ಮ್ಯಾಲ ತಂಬಿಗಿ ನೀರು ಕುಡಿಯೋದು, ಮಧ್ಯಾಹ್ನ ಉಂಡ ಮ್ಯಾಲ ಲೆಕ್ಕದ ಪುಸ್ತಕದ ಮ್ಯಾಲ ತಲಿ ಇಟ್ಟು ನಿದ್ದಿ ಹೊಡಿಯೋದು, ಇವೆಲ್ಲಾ ಸುಮಾರು ಆರು ತಿಂಗಳಿಂದ ಇದ್ವು. ನಿದ್ದಿಗೆ ಅನ್ನದ ಮತ್ತು ಅಂತಿದ್ದೆ, ನೀರಡಿಕಿಗೆ ಮಿರ್ಚಿ ಖಾರ ಅಂತಿದ್ದೆ.

ಮರುದಿನ ಸರಿಯಾಗಿ ಟೆಸ್ಟ್ ಮಾಡಿಸಿದ್ರ ಖಾಲಿ ಹೊಟ್ಟಿದು 171, ಉಂಡು ಎರಡು ತಾಸಿಗೆ 268, ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ 8.6. ಡಾಕ್ಟ್ರು ರಿಪೋರ್ಟ್ ಮ್ಯಾಲ ಪೆನ್ನಿಲೆ ಗೆರಿ ಎಳೆದು, ಖಾಲಿ ಹೊಟ್ಟಿದು 126 ಮುಟ್ಟಿದ್ರ ಶುಗರ್ ಅಂತೀವಿ, ಎಚ್‌ಬಿಎ1ಸಿ 6.5 ಮುಟ್ಟಿದ್ರೂ ಅದನ, ನಿಂದು ಎರಡೂ ದಾಟ್ಯಾವ ಅಂದ್ರು. ನಾನು ಸಕ್ರಿ ಅಷ್ಟೇನು ತಿನ್ನಂಗಿಲ್ರಿ ಅಂದೆ. ಅದಕ್ಕ ಅವರು ಕಾಲುವಿ ಲೆಕ್ಕ ಹೇಳಿದ್ರು. ಎಡದಂಡಿ ಕಾಲುವಿ ತುಂಬಿ ಹರೀತಿರ್ತೈತಿ, ಆದ್ರ ತೂಬು ತೆಗೀಲಿಲ್ಲಂದ್ರ ಹೊಲಕ್ಕ ನೀರು ಬರ್ತೈತೇನು? ಕಾಲುವಿ ತುಂಬಿ ಒಡೀತೈತಿ, ಹೊಲ ಒಣಗ್ತೈತಿ. ನಿನ್ನ ರಕ್ತದಾಗ ಸಕ್ರಿ ಅಷ್ಟೂ ನಿಂತೈತಿ, ಮೈಯೊಳಗ ಹೋಗವಲ್ದು, ಇನ್ಸುಲಿನ್ ತೂಬು ಎತ್ತಾಕ ಹೋದ್ರೂ ಅದು ಏಳವಲ್ದು, ಅದಕ್ಕ ಉಂಡ್ರೂ ನಿನಗ ಸುಸ್ತು. ಕಾಲುವಿ ಕಡೀ ತುದಿಯ ಟೇಲ್ ಎಂಡ್ ರೈತರ ಗೋಳು ನೋಡ್ಕೋತ ಬೆಳೆದವ ನಾನು, ಪಟ್ನ ತಿಳೀತು. ದಪ್ಪ ಇಲ್ಲದವರಿಗೂ ಹೊಟ್ಟಿ ಸುತ್ತ, ಲಿವರ್‌ನ್ಯಾಗ ಕೊಬ್ಬು ಕುಂತ್ರ ಹಿಂಗಾಗ್ತೈತಂತ, ಅದರಾಗ ತಾಯಿಗೆ ಶುಗರ್ ಇದ್ರಂತೂ ಮುಗೀತು.

ನಾನಿರೋದು ಅಕ್ಕಿ ಮಿಲ್ಲಿನ ಲೆಕ್ಕದ ಆಫೀಸಿನೊಳಗ. ಭತ್ತ ಬರೋದು, ಸಿಪ್ಪಿ ಹೋಗೋದು, ಪಾಲಿಶ್ ಆಗೋದು, ತೌಡು ಬ್ಯಾರೆ ಚೀಲಕ್ಕ ಬೀಳೋದು ದಿನಾ ಕಣ್ಣ ಮುಂದ. ನಾರು, ವಿಟಮಿನ್ ಇರೋದು ಆ ತೌಡಿನೊಳಗ. ಅದನ್ನ ಎಣ್ಣಿ ಮಿಲ್ಲಿಗೆ ಕೊಡ್ತೀವಿ, ಎಮ್ಮಿಗೆ ಹಾಕ್ತೀವಿ, ಬೆಳ್ಳಗ ಹೊಳೆಯೋ ಪಿಷ್ಟ ನಾವು ಉಣ್ತೀವಿ. ಹತ್ತು ವರ್ಷ ಆ ತೌಡಿನ ಬಿಲ್ ಬರೆದವ ನಾನ, ಒಂದಿನ ಇದು ತಲಿಗೆ ಬಂದಿದ್ದಿಲ್ಲ.

ನಮ್ಮ ಮುತ್ಯಾ ಹೇಳ್ತಿದ್ದ, ಅವನ ಸಣ್ಣತನದಾಗ ಅನ್ನ ಅಂದ್ರ ಹಬ್ಬಕ್ಕ, ಇಲ್ಲಾ ಜಡ್ಡಾದವರಿಗೆ. 1953ರಾಗ ತುಂಗಭದ್ರಾ ಡ್ಯಾಮಿನ ನೀರು ಕಾಲುವಿಗೆ ಬಿಟ್ಟ ಮ್ಯಾಲ, ಆಂಧ್ರದ ಕಡಿಂದ ಬಂದವರು ಕ್ಯಾಂಪ್ ಕಟ್ಟಿ ಭತ್ತ ಹಚ್ಚಿದ ಮ್ಯಾಲ, ನಮ್ಮ ಜ್ವಾಳದ ಹೊಲನೂ ನಿಧಾನಕ್ಕ ಗದ್ದಿ ಆದ್ವು. ಊರು ಉದ್ಧಾರ ಆತು, ಸುಳ್ಳು ಹೇಳಬಾರದು, ನನ್ನ ಪಗಾರ ಬರೋದೂ ಆ ನೀರಿನಿಂದನ. ಆದ್ರ ಅನ್ನ ಉಣ್ಣೋದು ದೊಡ್ಡಸ್ತನ, ಮೂರು ಹೊತ್ತು ರೊಟ್ಟಿ ತಿನ್ನೋದು ಬಡವರ ಗುರುತು ಅಂತ ಮನಸ್ಸಿನ್ಯಾಗ ಕುಂತಿದ್ದು ಇನ್ನೂ ಎದ್ದಿಲ್ಲ.

ಸರಿ, ಅನ್ನ ಬಿಟ್ಟು ರೊಟ್ಟಿಗೆ ಬಂದೆ, ಭಾರಿ ಹುರುಪಿನಿಂದ. ಮೆಟ್‌ಫಾರ್ಮಿನ್ ಗುಳಿಗಿ ಶುರುವಾಗಿತ್ತು, ಮೊದಲ ಎರಡು ವಾರ ಹೊಟ್ಟಿ ಗುಡುಗುಡು ಅಂತಿತ್ತು, ಆಮ್ಯಾಲ ಹೊಂದಿಕೊಂಡಿತು. ಮನಿಗೊಂದು ಗ್ಲುಕೋಮೀಟರ್ ತಂದೆ. ಎರಡು ಸಲ ಬಡಿಸಿಕೊಂಡು ಅನ್ನ ಸಾರು ಉಂಡ ದಿನ ಎರಡು ತಾಸಿಗೆ 262. ಆರು ಜ್ವಾಳದ ರೊಟ್ಟಿ ಬದನಿಕಾಯಿ ಎಣ್ಣಿಗಾಯಿ ಜೋಡಿ ಹೊಡೆದ ದಿನ 214. ನನಗ ಸಿಟ್ಟು ಬಂತು, ರೊಟ್ಟಿ ತಿಂದ್ರೂ ಇಷ್ಟಾ? ಡಾಕ್ಟ್ರ ಮುಂದ ಹೇಳಿದ್ರ ನಕ್ರು. ಆರು ರೊಟ್ಟಿ ತಿಂದು ಜ್ವಾಳದ ಮ್ಯಾಲ ತಪ್ಪು ಹಾಕ್ತೀಯೇನೋ ಅಂದ್ರು. ಜ್ವಾಳದಾಗೂ ಇರೋದು ಪಿಷ್ಟನ, ನಾರು ಜಾಸ್ತಿ ಇರೋದಕ್ಕ ನಿಧಾನಕ್ಕ ಏರ್ತೈತಿ ಅಷ್ಟ.

ರಾತ್ರಿ ಮೊಬೈಲ್ ಹಿಡಕೊಂಡು ಓದಿದೆ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರ ಇಂಡಿಯಾಬ್ ಅನ್ನೋ ದೊಡ್ಡ ಸ್ಟಡಿ 2023ರಾಗ ಹೇಳಿದ ಪ್ರಕಾರ ದೇಶದಾಗ ಶುಗರ್ ಇರೋರು 10.1 ಕೋಟಿ, ಗಡಿ ಮ್ಯಾಲ ನಿಂತವರು 13.6 ಕೋಟಿ. ಅದ ಸ್ಟಡಿಯವರು 2025ರಾಗ ಇನ್ನೊಂದು ಹೇಳ್ಯಾರ, ನಮ್ಮ ಜನರ ಕ್ಯಾಲೊರಿಯೊಳಗ ಸುಮಾರು 62 ಪರ್ಸೆಂಟ್ ಕಾರ್ಬೋಹೈಡ್ರೇಟ್‌ದು, ಬಿಳಿ ಅಕ್ಕಿ ಬಿಟ್ಟು ಅಷ್ಟ ಪ್ರಮಾಣದ ಗೋಧಿ, ಸಿರಿಧಾನ್ಯ ತಿಂದ್ರ ಫಾಯದೆ ಕಾಣಲಿಲ್ಲ, ಆ ಜಾಗಕ್ಕ ಸ್ವಲ್ಪ ಬ್ಯಾಳಿ ಕಾಳು, ಹಾಲು ಮೊಸರು ಬಂದ್ರ ಛಲೋ ಅಂತ. ನನ್ನ ಆರು ರೊಟ್ಟಿ ಪ್ರಕರಣ ಅವರಿಗೆ ಮೊದಲ ಗೊತ್ತಿದ್ದಂಗಿತ್ತು. ನಮ್ಮ ಮಿಲ್ಲಿನ ಮಂದಿ ಬ್ಯಾರೆ "ಆರ್‌ಎನ್‌ಆರ್ ತಳಿ ಅಕ್ಕಿ ತಿನ್ನೋ, ಶುಗರ್‌ನವರಿಗೆ ನಡೀತೈತಿ" ಅಂತಾರ, ನಡೀತೈತಿ ಅಂತ ಎರಡು ತಾಟು ಉಂಡ್ರ ಅದೂ ಅಷ್ಟ.

ಕಡೀಗೆ ಹೊಂದಿದ್ದು ಇದು: ಎರಡು ರೊಟ್ಟಿ, ತಾಟಿನ ಅರ್ಧ ಪುಂಡಿಪಲ್ಯನೋ ಮೆಂತೆ ಪಲ್ಯನೋ, ಒಂದು ವಾಟಿ ಹೆಸರಕಾಳು, ಮೊಸರು, ಸೌತಿಕಾಯಿ ಮೊದಲ ತಿನ್ನೋದು, ಅನ್ನ ಎರಡು ತುತ್ತು, ಉಂಡ ಕೂಡ್ಲೆ ಮಿಲ್ಲಿನ ಅಂಗಳದಾಗ ಹದಿನೈದು ನಿಮಿಷ ಅಡ್ಡಾಡೋದು. ಅವತ್ತು 156 ಬಂತು. ದಿನಕ್ಕ ಏಳು ಅರ್ಧ ಚಾ ಕುಡೀತಿದ್ದೆ, ಸಕ್ರಿ ಹಾಕಿದ್ದು, ಅವು ಎರಡಕ್ಕ ಇಳಿದ್ವು, ಸಕ್ರಿ ಇಲ್ಲದ್ದು. ಚಾದ ಅಂಗಡಿಯವ ಒಂದು ವಾರ ನನ್ನ ಜೋಡಿ ಸರಿಯಾಗಿ ಮಾತಾಡಲಿಲ್ಲ.

ನಾಲ್ಕು ತಿಂಗಳಿಗೆ ಆರು ಕೇಜಿ ಇಳಿದೆ. ಅದ ಟೈಮಿಗೆ ಸಿಂಧನೂರ ಕಡೆ ಒಂದು ಕನ್ಯಾ ನೋಡಾಕ ಹೋಗೋದು ಬಂತು. ಅವ್ವ ದಾರಿಯುದ್ದಕ್ಕೂ ಹೇಳಿದ್ದು ಒಂದ ಮಾತು, "ಶುಗರ್ ಸುದ್ದಿ ಎತ್ತಬ್ಯಾಡ." ನನಗ ಮನಸ್ಸಿರಲಿಲ್ಲ, ಆದ್ರೂ ಸುಮ್ಮನಾದೆ. ಅಲ್ಲಿ ತಾಟಿನ್ಯಾಗ ಶಿರಾ, ಉಪ್ಪಿಟ್ಟು, ಬೆಲ್ಲದುಂಡಿ, ಮ್ಯಾಲ ಪಾಕದಂಥ ಚಾ. ಎರಡು ಚಮಚ ಶಿರಾ ತಿಂದು ತಾಟು ಸರಿಸಿದ್ರ ಹುಡುಗಿ ತಾಯಿ "ಯಾಕ್ರೀ ಅಳಿಯಂದ್ರ, ನಮ್ಮ ಕೈ ಅಡಗಿ ಸೇರಲಿಲ್ಲೇನು" ಅಂದ್ರು. ಆ ಅಳಿಯಂದ್ರ ಅನ್ನೋ ಮಾತಿಗೆ ಕರಗಿ ಪೂರ್ತಿ ತಿಂದೆ, ಉಂಡಿನೂ ತಿಂದೆ. ಮನಿಗೆ ಬಂದು ನೋಡಿದ್ರ 243.

ವಾರ ಬಿಟ್ಟು ನಡುವಿನವರ ಕಡಿಂದ ಸುದ್ದಿ ಬಂತು, ಬ್ಯಾಡಂತ. ಯಾಕಂತ ಕೇಳಿದ್ರ "ಹುಡುಗ ಭಾಳ ಸೊರಗ್ಯಾನ, ಫೋಟೋದಾಗ ಇದ್ದಂಗಿಲ್ಲ, ಒಳಗೇನರ ಜಡ್ಡು ಇದ್ದೀತು."

ಅವ್ವ ಎರಡು ದಿನ ನನಗ ಬೈದ್ಲು, ಮೂರನೇ ದಿನ ತನ್ನ ತಾಟಿಗೂ ರೊಟ್ಟಿ ಎರಡ ಹಾಕ್ಕೊಂಡ್ಲು. ಮುಂದಿನ ಟೆಸ್ಟಿಗೆ ಇಬ್ರೂ ಖಾಲಿ ಹೊಟ್ಟಿಲೆ ಹೋದ್ವಿ. ನನ್ನ ಎಚ್‌ಬಿಎ1ಸಿ 6.7, ಆಕಿದು 7.4. "ನೀ ಪ್ರಾಯದವ, ನಿಂದು ಇಳೀತೈತಿ ಬಿಡು" ಅಂದ್ಲು, ರಿಪೋರ್ಟ್ ಸೆರಗಿನ್ಯಾಗ ಮಡಚಿ ಇಟ್ಕೊಂಡ್ಲು. ಹೊರಗ ಬಂದ್ರ ಎದುರಿನ ಬಂಡ್ಯಾಗ ಮಿರ್ಚಿ ಕರಿಯೋ ಎಣ್ಣಿ ವಾಸನಿ ಬರ್ತಿತ್ತು. ಇಬ್ರೂ ಒಬ್ರ ಮಾರಿ ಒಬ್ರು ನೋಡಿ, ಇಬ್ರ ನಡುವ ಒಂದ ಮಿರ್ಚಿ ತಗೊಂಡ್ವಿ. ದೊಡ್ಡ ಅರ್ಧ ಆಕಿನ ತಿಂದ್ಲು.