ಡಿಪಾರ್ಟ್‌ಮೆಂಟ್ ಬದಲಾಯಿಸಿದರೆ ಕೆಲಸ ಉಳಿಯುತ್ತಾ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸ. ಅಸೆಂಬ್ಲಿ ಲೈನಿನಿಂದ ಮೇಂಟೆನೆನ್ಸ್‌ಗೆ ಹೋಗಿ ಕೆಲಸ ಉಳಿಸಿಕೊಂಡವನು ಅಂತ ಗೊತ್ತಾದ ಮೇಲೆ ಎಲ್ಲರೂ ಇದನ್ನೇ ಕೇಳುತ್ತಾರೆ. "ಅಣ್ಣ, ನಮ್ಮಲ್ಲೂ ಜನ ಕಮ್ಮಿ ಮಾಡ್ತಾರಂತೆ. ಬೇರೆ ಡಿಪಾರ್ಟ್‌ಮೆಂಟಿಗೆ ಟ್ರಾನ್ಸ್‌ಫರ್ ಕೇಳ್ಲಾ?"

ಕೇಳಿ. ಇವತ್ತೇ ಕೇಳಿ. ಪಟ್ಟಿ ಮೇಲಕ್ಕೆ ಹೋದ ಮೇಲೆ ಕೇಳಿದರೆ ನಮ್ಮ ಸೂಪರ್‌ವೈಸರ್ ಕೈಯಲ್ಲೂ ಏನೂ ಇರುವುದಿಲ್ಲ.

ಸುಳಿವು ಮೊದಲೇ ಸಿಗುತ್ತದೆ. ನಮ್ಮಲ್ಲಿ ಮೊದಲು ಓಟಿ ನಿಂತಿತು. ಆಮೇಲೆ ಕಾಂಟ್ರ್ಯಾಕ್ಟ್ ಹುಡುಗರ ಗೇಟ್‌ಪಾಸ್ ಮುಗಿದರೂ ಹೊಸದು ಕೊಡಲಿಲ್ಲ. ನಂಜನಗೂಡು ಕಡೆಯಿಂದ ಬರುವ ಕಂಪನಿ ಬಸ್ಸು ಅರ್ಧ ಖಾಲಿಯಾಯಿತು. ನನಗೆ ಅಷ್ಟು ಸಾಕಾಯಿತು.

ನಾನು ಮೊದಲು ಎಚ್‌ಆರ್ ಹತ್ತಿರ ಹೋಗಲಿಲ್ಲ. ಅಲ್ಲಿ ಅರ್ಜಿ ಫೈಲು ಸೇರುತ್ತದೆ ಅಷ್ಟೇ. ಯಾರಿಗೆ ಜನ ಬೇಕೋ ಅವರ ಹತ್ತಿರ ಹೋಗಬೇಕು. ಮೇಂಟೆನೆನ್ಸ್‌ನಲ್ಲಿ ಇಬ್ಬರು ಫಿಟ್ಟರ್‌ಗಳು ರಿಟೈರ್ ಆಗಿದ್ದರು, ಹೊರಗಿನಿಂದ ಹೊಸಬರನ್ನು ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿರಲಿಲ್ಲ. ಇನ್‌ಚಾರ್ಜ್ ಹತ್ತಿರ ಹೋಗಿ, "ಸಾರ್, ನಾನೂ ಐಟಿಐ ಫಿಟ್ಟರ್. ನಿಮ್ಮ ಕಡೆ ಬರ್ಲಾ?" ಅಂದೆ.

"ಬೇರಿಂಗ್ ಕೂರಿಸೋಕೆ ಬರುತ್ತೇನಪ್ಪಾ?"

ಐಟಿಐ ಬಿಟ್ಟ ಮೇಲೆ ಮುಟ್ಟಿಲ್ಲ ಸಾರ್ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. "ಭಾನುವಾರ ಕನ್ವೇಯರ್ ಬಿಚ್ತೀವಿ, ಬಾ" ಅಂದರು.

ಹೋದೆ. ಬಿಸಿ ಮಾಡಿದ ಬೇರಿಂಗ್ ಶಾಫ್ಟಿನ ಮೇಲೆ ಒಂದೇ ಸಲಕ್ಕೆ ಸರ್ರನೆ ಇಳಿಯಬೇಕು. ನಾನು ಒಂದು ಕ್ಷಣ ತಡ ಮಾಡಿದೆ. ಅರ್ಧಕ್ಕೇ ಕಚ್ಚಿಕೊಂಡಿತು. ಪುಲ್ಲರ್ ಹಾಕಿ ಎಳೆದು, ಇನ್ನೊಂದು ಬಿಸಿ ಮಾಡಿ ಕೂರಿಸುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಇನ್‌ಚಾರ್ಜ್ ಬೈಯಲಿಲ್ಲ. ಮುಂದಿನ ವಾರ ಅವರೇ ಪ್ಲಾಂಟ್ ಹೆಡ್ ಹತ್ತಿರ ಹೋಗಿ ನನ್ನನ್ನು ಕೇಳಿಕೊಂಡರು. ನಾನು ಹತ್ತು ಅರ್ಜಿ ಬರೆದಿದ್ದರೂ ಆಗದ ಕೆಲಸ ಅದು.

ಇನ್ನು ಪತ್ರದ ವಿಷಯ. ಇಲ್ಲಿ ತುಂಬಾ ಜನ ಏಮಾರುತ್ತಾರೆ. "ನಾಳೆಯಿಂದ ಅಲ್ಲಿಗೆ ಹೋಗು" ಅಂತ ಬಾಯಲ್ಲಿ ಹೇಳಿದರೆ ಸಾಲದು, ಬರವಣಿಗೆಯಲ್ಲಿ ಬೇಕು. ಜನ ಕಡಿಮೆ ಮಾಡುವಾಗ ಕೊನೆಗೆ ಸೇರಿದ ಕಾರ್ಮಿಕನನ್ನು ಸಾಮಾನ್ಯವಾಗಿ ಮೊದಲು ತೆಗೆಯಬೇಕು ಅನ್ನುವುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಕಾಲದಿಂದ ಬಂದ ನಿಯಮ. ಆದರೆ ಈ ಹಿರಿತನ ನೋಡುವುದು ಒಂದೊಂದು ವರ್ಗದ ಕೆಲಸಗಾರರ ಒಳಗೆ. ಹೊಸ ಕಡೆ ಹೋದಾಗ ನೀವೇ ಅಲ್ಲಿ ಎಲ್ಲರಿಗಿಂತ ಕಿರಿಯರಾಗಿಬಿಡಬಹುದು, ಅಲ್ವಾ? ಅದಕ್ಕೇ ಹಳೆಯ ಸೇರಿದ ದಿನಾಂಕ ಮತ್ತು ಸೀನಿಯಾರಿಟಿ ಮುಂದುವರಿಯುತ್ತದೆ ಅಂತ ಪತ್ರದಲ್ಲಿ ಬರೆಸಿಕೊಳ್ಳಿ.

ಅದೇ ಗುಂಪಿನ ಬೇರೆ ಕಂಪನಿಗೆ ಕಳಿಸಿದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಬೋರ್ಡಿನ ಮೇಲೆ ಹೆಸರು ಒಂದೇ ಇದ್ದರೂ ಕಾಗದದಲ್ಲಿ ಅದು ಬೇರೆ ಕಂಪನಿ. ರಾಜೀನಾಮೆ ಕೊಟ್ಟು ಅಲ್ಲಿ ಹೊಸದಾಗಿ ಸೇರಿ ಅಂದರೆ ಸುಮ್ನೆ ಸಹಿ ಹಾಕಬೇಡಿ. ಕಾಯಂ ನೌಕರ ಕೆಲಸ ಬಿಟ್ಟರೆ ಗ್ರಾಚ್ಯುಟಿ ಸಿಗಲು 5 ವರ್ಷದ ಸೇವೆ ಬೇಕು. ಕೆಲಸದಿಂದ ತೆಗೆದರೆ ಕಾರ್ಮಿಕನಿಗೆ ಬರುವ ಪರಿಹಾರವೂ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಹಳೆಯ ಸೇವೆ ಮುಂದುವರಿಯುತ್ತದೆ ಅಂತ ಬರೆದು ಕೊಡದಿದ್ದರೆ ಎರಡೂ ಲೆಕ್ಕ ಸೊನ್ನೆಯಿಂದ ಶುರುವಾಗಬಹುದು.

ಸಂಬಳ ಕಮ್ಮಿಯಾದರೆ? ಸ್ವಲ್ಪ ಕಮ್ಮಿಯಾದರೆ ಹೋಗಿ ಅನ್ನುತ್ತೇನೆ. ನನಗೆ ಶಿಫ್ಟ್ ಅಲೊವೆನ್ಸ್ ಹೋಯಿತು. ಮನೆಯಲ್ಲಿ ಎರಡು ತಿಂಗಳು ಕಷ್ಟವಾಯಿತು, ಆಮೇಲೆ ಹೊಂದಿಕೊಂಡೆವು.

ಏಳು ತಿಂಗಳಿಗೆ ನಮ್ಮ ಹಳೆಯ ಲೈನ್ ಮುಚ್ಚಿತು. ದಿನಾ ನನ್ನ ಜೊತೆ ಊಟಕ್ಕೆ ಕೂರುತ್ತಿದ್ದ ಗೆಳೆಯನೂ ಆ ಪಟ್ಟಿಯಲ್ಲಿದ್ದ. ಅವನದೂ ಐಟಿಐ, ಅವನದೂ ಫಿಟ್ಟರ್ ಟ್ರೇಡು. ಅವನು ಮೇಂಟೆನೆನ್ಸ್‌ಗೆ ಹೋಗಿ ಕೇಳುವ ಹೊತ್ತಿಗೆ ಇನ್ನು ಯಾರನ್ನೂ ಅತ್ತಿತ್ತ ಮಾಡಬಾರದು ಅಂತ ಆದೇಶ ಬಂದಿತ್ತು. ಈಗ ಕಡಕೊಳದಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಇದ್ದಾನೆ. ಸಿಕ್ಕಾಗ ಚೆನ್ನಾಗಿಯೇ ಮಾತಾಡುತ್ತಾನೆ. ಮೇಂಟೆನೆನ್ಸ್‌ನಲ್ಲಿ ಖಾಲಿ ಇದ್ದದ್ದು ಎರಡು ಜಾಗ. ಆ ಭಾನುವಾರ ನಾನು ಎಲ್ಲಿಗೆ ಹೋಗಿದ್ದೆ ಅಂತ ಅವನಿಗೆ ಹೇಳಿರಲಿಲ್ಲ.