ಮುಳ್ಳು ಇಳಿದರೆ ಎಂಜಿನ್ ಹೋಯಿತೆಂದಲ್ಲ

ಹಳೆಯ ಡೀಸೆಲ್ ಲಾರಿ, ತುಂಬಿದ ಲೋಡು. ಉದ್ದನೆಯ ಏರನ್ನು ಎರಡನೇ ಗೇರಿನಲ್ಲೇ ಹತ್ತಿ ಮೇಲೆ ಲಾರಿ ನಿಲ್ಲಿಸಿ ಎಂಜಿನ್ನನ್ನು ಐಡಲ್‌ನಲ್ಲಿ (ಎಕ್ಸಿಲರೇಟರ್ ಒತ್ತದೆ) ಓಡಲು ಬಿಟ್ಟಾಗ ಆಯಿಲ್ ಒತ್ತಡದ ಮುಳ್ಳು 12 ಪಿಎಸ್‌ಐಗೆ (ಒತ್ತಡದ ಅಳತೆ) ಇಳಿದಿತ್ತು. ಬೆಳಿಗ್ಗೆ ಚಾಲೂ ಮಾಡಿದಾಗ ಅದೇ ಮುಳ್ಳು 50ರ ಮೇಲಿತ್ತು. "ಬೇರಿಂಗ್ ಹೋಯಿತು, ಇನ್ನು ಕಟ್ಟಿ ಎಳೆಸಬೇಕು" ಎಂದು ಜೊತೆಗಿದ್ದವರು ಕೈಚೆಲ್ಲಿದರು. ನನಗೆ ಹಾಗನ್ನಿಸಲಿಲ್ಲ.

ಪಂಪು ಎಣ್ಣೆಯನ್ನು ತಳ್ಳುತ್ತದೆ, ಅಷ್ಟೆ. ಆ ಎಣ್ಣೆ ಬೇರಿಂಗಿನ (ಎಂಜಿನ್ನಿನ ತಿರುಗುವ ದಂಡವನ್ನು ಹೊರುವ ಭಾಗ) ಕಿರುಸಂದಿಯಲ್ಲಿ ನುಸುಳುವಾಗ ಎದುರಾಗುವ ತಡೆಯೇ ಮೀಟರಿನಲ್ಲಿ ಒತ್ತಡವಾಗಿ ಕಾಣುತ್ತದೆ. ತಣ್ಣಗಿರುವಾಗ ಎಣ್ಣೆ ಮಂದ, ಮುಳ್ಳು ಮೇಲೆ. ಕಾದಾಗ ತೆಳು, ಮುಳ್ಳು ಕೆಳಗೆ. ಬೆಳಗಿನ ಅಂಕಿ ನೋಡಿ ಎಂಜಿನ್ ಗಟ್ಟಿಯಾಗಿದೆ ಎಂದು ನಂಬುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೇರಿಂಗ್ ಸವೆದು ಸಂದಿ ಹಿಗ್ಗಿದರೆ ತಡೆ ಕಡಿಮೆಯಾಗುತ್ತದೆ; ಆ ಸವೆತ ಬಯಲಾಗುವುದು ಎಂಜಿನ್ ಚೆನ್ನಾಗಿ ಕಾದ ಮೇಲೆಯೇ.

ಎಂಜಿನ್ ನಿಲ್ಲಿಸಿ, ಎಣ್ಣೆ ಇಳಿಯಲು ಬಿಟ್ಟು ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ಎಳೆದೆ. ಮಟ್ಟ ಎರಡು ಗೆರೆಗಳ ನಡುವೆಯೇ ಇತ್ತು. ಬೆರಳಿಗೆ ಹಚ್ಚಿ ಮೂಸಿದೆ, ಡೀಸೆಲ್ ವಾಸನೆಯಿರಲಿಲ್ಲ. ಡೀಸೆಲ್ ಸೋರಿ ಬೆರೆತಿದ್ದರೆ ಮಟ್ಟ ಏರಿ ಎಣ್ಣೆ ನೀರಿನಂತೆ ತೆಳುವಾಗಿರುತ್ತಿತ್ತು. ಮತ್ತೆ ಚಾಲೂ ಮಾಡಿ ಎಕ್ಸಿಲರೇಟರನ್ನು ಮೆಲ್ಲಗೆ ಒತ್ತಿದೆ: 1000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 20 ಪಿಎಸ್‌ಐ, 2000ದಲ್ಲಿ 38. ಕಾದ ಎಂಜಿನ್ನಿಗೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇದ್ದರೆ ಸಾಕೆಂಬುದು ಹಳೆಯ ಮೆಕ್ಯಾನಿಕ್‌ಗಳ ಲೆಕ್ಕ. ತಯಾರಕರ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ತಳದಿಂದ ಬಡಿತದ ಸದ್ದೂ ಇರಲಿಲ್ಲ. ಇದರ ಮೀಟರಿಗೆ ಎಣ್ಣೆ ಸಣ್ಣ ತಾಮ್ರದ ಕೊಳವೆಯಲ್ಲಿ ನೇರವಾಗಿ ಬರುತ್ತದೆ. ವಿದ್ಯುತ್ ಸೆನ್ಸರಿನದಾಗಿದ್ದರೆ ಇನ್ನೊಂದು ಗೇಜ್ ಹಾಕಿ ನೋಡದೆ ಆ ಅಂಕಿಯನ್ನು ನಂಬುತ್ತಿರಲಿಲ್ಲ.

ನನಗೆ ನಿಜವಾದ ಭಯವಿದ್ದದ್ದು ಇಳಿಜಾರಿನದು. ಗವರ್ನರ್ (ಎಂಜಿನ್ ವೇಗ ಮಿತಿ ಮೀರದಂತೆ ನೋಡುವ ಸಾಧನ) ಡೀಸೆಲನ್ನು ತಡೆಯಬಲ್ಲದು, ಆದರೆ ಲೋಡು ಚಕ್ರಗಳನ್ನು ನೂಕಿ, ಚಕ್ರಗಳು ಎಂಜಿನ್ನನ್ನು ತಿರುಗಿಸತೊಡಗಿದರೆ ಅದು ಏನು ಮಾಡೀತು? ಪಿಸ್ಟನ್ನನ್ನು ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡಿನ ಮೇಲಿನ ಜಡತ್ವದ ಎಳೆತ ವೇಗದ ವರ್ಗದಂತೆ ಏರುತ್ತದೆ: 2800 ಆರ್‌ಪಿಎಂನ ಮಿತಿ ದಾಟಿ 3400 ಮುಟ್ಟಿದರೆ ಸುಮಾರು ಒಂದೂವರೆ ಪಟ್ಟು. ವಾಲ್ವ್ ಮುಚ್ಚುವ ಸ್ಪ್ರಿಂಗುಗಳು ಆ ವೇಗಕ್ಕೆ ಹಿಂದೆ ಬಿದ್ದರೆ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ. ಅಷ್ಟಾದರೂ ಒತ್ತಡದ ಮುಳ್ಳು ಮಾತ್ರ ಎತ್ತರದಲ್ಲೇ ನಿಂತಿರುತ್ತದೆ. ಹಾಗಾಗಿ ಇಳಿಯುವಾಗ ನನ್ನ ಕಣ್ಣು ಆರ್‌ಪಿಎಂ ಮೀಟರಿನ ಮೇಲಿತ್ತು. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಹಾಕಿ, ಆಗಾಗ ಬ್ರೇಕ್ ಒತ್ತಿ 2200 ಮೀರದಂತೆ ಹಿಡಿದೆ.

ಕೆಳಗೆ ತಲುಪಿದ ಮೇಲೆ ಒತ್ತಡ, ಆರ್‌ಪಿಎಂ, ನೀರಿನ ಉಷ್ಣತೆ ಮೂರನ್ನೂ ಒಟ್ಟಿಗೆ ಬರೆದಿಟ್ಟೆ. ಇಷ್ಟೇ ಕಾವಿನಲ್ಲಿ, ಇದೇ ಎಣ್ಣೆಯಲ್ಲಿ ಐಡಲ್ ಒತ್ತಡ 12ರಿಂದ 8ಕ್ಕೆ ಇಳಿದ ದಿನ ಸಂಪು (ಎಂಜಿನ್ನಿನ ತಳದ ಎಣ್ಣೆ ತಟ್ಟೆ) ಬಿಚ್ಚಿಸಿ ಬೇರಿಂಗ್ ನೋಡುತ್ತೇನೆ.