ಡ್ರಿಪ್ ಕಾಫಿಗೆ ಅಗ್ಗದ ಗ್ರೈಂಡರ್ ಹುಡುಕಾಟ: ಮುಂಬಯಿಯ ಮಾಟುಂಗಾದಿಂದ ಆರು ವಾರದ ಟಿಪ್ಪಣಿ

ವಾರ 1, ಸೋಮವಾರ

ಬೇಕಾಗಿರುವುದು ಇಷ್ಟು: ಬೆಳಿಗ್ಗೆ ಇಬ್ಬರಿಗೆ ಪೇಪರ್ ಫಿಲ್ಟರಿನಲ್ಲಿ ಇಳಿಸಿದ, ಹಾಲು ಹಾಕದ ಡ್ರಿಪ್ ಕಾಫಿ. ಗ್ರೈಂಡರಿಗೆ ತೆಗೆದಿಟ್ಟ ಹಣ 6,000 ರೂಪಾಯಿ. ಆರು ಗಂಟೆಗೆ ಬೀಸಿದರೆ ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗಬಾರದು. ಅಡುಗೆಕಟ್ಟೆಯ ಮೇಲೆ ಒಂದು ಗೇಣಿಗಿಂತ ಹೆಚ್ಚು ಜಾಗವೂ ಇಲ್ಲ.

ಮಾಟುಂಗಾದಲ್ಲಿ ಬೀಜ ಹುರಿದು ಕಣ್ಣೆದುರೇ ಬೀಸಿಕೊಡುವ ಅಂಗಡಿಗಳಿರುವಾಗ ಮನೆಯಲ್ಲಿ ಗ್ರೈಂಡರ್ ಯಾಕೆ ಎಂಬ ಪ್ರಶ್ನೆ ಸಹಜ. ಅಂಗಡಿಯ ಯಂತ್ರ ನಿಂತಿರುವುದು ನಮ್ಮ ಡಿಕಾಕ್ಷನ್ ಫಿಲ್ಟರಿನ ಹದಕ್ಕೆ. ಅಲ್ಲಿ ಪುಡಿ ನುಣ್ಣಗಿರಬೇಕು, ನೀರು ತೊಟ್ಟುತೊಟ್ಟಾಗಿ ಇಳಿಯಬೇಕು. ಪೇಪರ್ ಫಿಲ್ಟರಿಗೆ ಅದೇ ಪುಡಿ ಹಾಕಿದರೆ ಕೆಸರು ಕಟ್ಟಿ ನೀರು ನಿಂತುಬಿಡುತ್ತದೆ. ರವೆಯ ಲೆಕ್ಕದಲ್ಲಿ ಹೇಳುವುದಾದರೆ ಡಿಕಾಕ್ಷನ್ನಿಗೆ ಚಿರೋಟಿ ರವೆಗಿಂತ ನುಣುಪು, ಡ್ರಿಪ್ಪಿಗೆ ಉಪ್ಪಿಟ್ಟಿಗೆ ಹಾಕುವ ಬಾಂಬೆ ರವೆಯ ತರಿ. ‘ತರಿಯಾಗಿ ಬೀಸಿ’ ಎಂದು ಕೇಳಿದರೆ ಬೀಸಿಕೊಡುತ್ತಾರೆ. ಆದರೆ ಹಿಂದಿನ ಗಿರಾಕಿಯ ಚಿಕೋರಿ ಬೆರೆತ ಪುಡಿ ಯಂತ್ರದ ಗಂಟಲಲ್ಲಿ ಉಳಿದಿರುತ್ತದೆ, ಅದೂ ನಮ್ಮ ಪೊಟ್ಟಣಕ್ಕೇ ಬೀಳುತ್ತದೆ. ಚಿಕೋರಿ ನೀರು ಕುಡಿದು ಉಬ್ಬುವ ವಸ್ತು. ಪೇಪರಿನ ರಂಧ್ರ ಮುಚ್ಚಲು ಸ್ವಲ್ಪ ಇದ್ದರೂ ಸಾಕು. ಇನ್ನು ಬೀಸಿದ ಪುಡಿಯ ಪರಿಮಳ ಎಷ್ಟು ಬೇಗ ಹಾರಿಹೋಗುತ್ತದೆ ಎಂಬುದು ಕಾಫಿ ಕುಡಿಯುವವರಿಗೆ ಹೇಳಬೇಕಾದ್ದಿಲ್ಲ.

ಅಳತೆ ಕೊನೆಯವರೆಗೂ ಬದಲಿಸುವುದಿಲ್ಲ: 20 ಗ್ರಾಂ ಬೀಜ, 320 ಗ್ರಾಂ ನೀರು, ಅಂದರೆ 1ಕ್ಕೆ 16. ನೀರು ಸುಮಾರು 94 ಡಿಗ್ರಿ. ಮೊದಲು 40 ಗ್ರಾಂ ನೀರು ಸುರಿದು 40 ಸೆಕೆಂಡ್ ಪುಡಿ ಉಬ್ಬಲು ಬಿಡುವುದು, ಆಮೇಲೆ 140 ಗ್ರಾಂನಂತೆ ಎರಡು ಸಲ. ಬೀಜ ಚಿಕ್ಕಮಗಳೂರಿನ ಪ್ಲಾಂಟೇಷನ್ ಎ (ತೊಳೆದ ಅರೇಬಿಕಾದ ಒಂದು ದರ್ಜೆ), ಮಧ್ಯಮ ಹುರಿತ. ನೀರು ನಳ್ಳಿಯದೇ, ಫಿಲ್ಟರ್ ಮಾಡಿದ್ದು. ಪ್ರಯೋಗದ ನಡುವೆ ಟ್ಯಾಂಕರಿನ ಗಡಸು ನೀರು ಬಂದರೆ ಆ ದಿನದ ರುಚಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ನೀರಿನ ದೋಷ ಗ್ರೈಂಡರಿನ ತಲೆಗೆ ಕಟ್ಟಿದಂತಾಗುತ್ತದೆ.

ಪುಡಿಯ ಹದ ನೋಡಲು ಎರಡು ಜರಡಿ: ಚಹಾ ಸೋಸುವ ಸ್ಟೀಲ್ ಜಾಲರಿ ಮತ್ತು ಮೈದಾ ಜರಡಿ. ಜಾಲರಿಯ ಮೇಲೆ ಉಳಿದದ್ದು ನುಚ್ಚು, ಮೈದಾ ಜರಡಿಯಿಂದ ಇಳಿದದ್ದು ಹಿಟ್ಟು, ನಡುವೆ ಸಿಕ್ಕಿದ್ದು ನಮಗೆ ಬೇಕಾದ ತರಿ.

ವಾರ 1, ಶನಿವಾರ: ಮಿಕ್ಸಿ

ಮನೆಯಲ್ಲಿರುವುದರಿಂದಲೇ ಶುರು. ಚಟ್ನಿ ಜಾರಿಗೆ 20 ಗ್ರಾಂ ಹಾಕಿ, ಒಂದೊಂದು ಸೆಕೆಂಡಿನಂತೆ ಎಂಟು ಸಲ ಪಲ್ಸ್, ನಡುನಡುವೆ ಜಾರ್ ಅಲುಗಿಸುವುದು. ಜರಡಿ ಹಿಡಿದರೆ 5.5 ಗ್ರಾಂ ನುಚ್ಚು, 6 ಗ್ರಾಂ ಹಿಟ್ಟು, ತರಿ ಬರೀ 8.5 ಗ್ರಾಂ. ಕಾಫಿ ಇಳಿಯಲು 5 ನಿಮಿಷ 30 ಸೆಕೆಂಡ್ ಹಿಡಿಯಿತು. ನೀರೆಲ್ಲ ಇಳಿದ ಮೇಲೆ ಪೇಪರಿನ ಗೋಡೆಗೆ ಕಪ್ಪು ಜೇಡಿಯಂಥ ತೆಳು ಪದರ ಅಂಟಿಕೊಂಡಿತ್ತು, ತಳದಲ್ಲಿ ಒಡೆಯದ ಅರ್ಧ ಬೀಜಗಳು. ಬಾಯಿಗಿಟ್ಟ ಕೂಡಲೇ ಹುಳಿ, ನುಂಗಿದ ಮೇಲೆ ಕಹಿ. ಕಾರಣ ಸರಳ: ನುಚ್ಚಿನ ಒಳಗಿನ ಸಾರ ಹೊರಗೆ ಬರಲೇ ಇಲ್ಲ, ಅದರಿಂದ ಹುಳಿ; ಹಿಟ್ಟು ಐದೂವರೆ ನಿಮಿಷ ಬಿಸಿನೀರಲ್ಲಿ ನೆನೆದು ತನ್ನಲ್ಲಿದ್ದುದನ್ನೆಲ್ಲ ಬಿಟ್ಟಿತು, ಅದರಿಂದ ಕಹಿ.

ಗ್ರೈಂಡರ್ ಕೊಳ್ಳುವವರೆಗೆ ಮಿಕ್ಸಿಯೇ ಗತಿ ಎನ್ನುವವರಿಗೆ ಒಂದು ದಾರಿ ಉಂಟು. 24 ಗ್ರಾಂ ಹಾಕಿ ಆರು ಪಲ್ಸ್ ಕೊಟ್ಟು ಜಾಲರಿಯಲ್ಲಿ ಜರಡಿ ಹಿಡಿಯಿರಿ, ನುಚ್ಚನ್ನು ಮಾತ್ರ ಮತ್ತೆ ಮೂರು ಪಲ್ಸ್ ಬೀಸಿ, ಕೊನೆಗೆ ಮೈದಾ ಜರಡಿಯಲ್ಲಿ ಹಿಟ್ಟು ಬೇರ್ಪಡಿಸಿ. ಹಿಟ್ಟನ್ನು ಎಸೆಯಬೇಡಿ, ಡಿಕಾಕ್ಷನ್ ಫಿಲ್ಟರಿಗೆ ಹಾಕಿದರೆ ಚೆನ್ನಾಗಿಯೇ ಇಳಿಯುತ್ತದೆ. ಕಾಫಿ ಕುಡಿಯುವಂತಾಗುತ್ತದೆ, ಆದರೆ ದಿನಾ ಬೆಳಿಗ್ಗೆ ಮಾಡುವ ಕೆಲಸ ಇದಲ್ಲ.

ವಾರ 2: ಸೆರಾಮಿಕ್ ಕೈಮಿಲ್ಲು

ಬೀಸುವ ಕಲ್ಲು ಕಂಡವರಿಗೆ ಬರ್, ಅಂದರೆ ಗ್ರೈಂಡರಿನೊಳಗೆ ಬೀಜ ಅರೆಯುವ ಹಲ್ಲಿನ ಭಾಗ, ಹೊಸ ಸಂಗತಿಯಲ್ಲ. ಎರಡು ಕಲ್ಲಿನ ನಡುವಿನ ಸಂದು ಎಷ್ಟೋ ಕಾಳು ಅಷ್ಟು ಸಣ್ಣಗಾಗುತ್ತದೆ. ಮಿಕ್ಸಿಯ ಬ್ಲೇಡಿನಂತೆ ಸಿಕ್ಕಿದ್ದನ್ನೇ ಮತ್ತೆ ಮತ್ತೆ ಹೊಡೆಯುವುದಿಲ್ಲ. ಗೂಟದ ಸುತ್ತ ಮೇಲಿನ ಕಲ್ಲು ಅಲುಗಾಡಿದರೆ ರಾಗಿಹಿಟ್ಟಿನಲ್ಲಿ ನುಚ್ಚು ಬೀಳುತ್ತದಲ್ಲ, ಅಗ್ಗದ ಸೆರಾಮಿಕ್ ಮಿಲ್ಲಿನ ಕಾಯಿಲೆಯೂ ಅದೇ.

ಪರೀಕ್ಷೆಗೆ ತಂದದ್ದರಲ್ಲಿ ನಡುಗಂಬಿಗೆ ಮೇಲ್ಭಾಗದಲ್ಲಿ ಮಾತ್ರ ಆಧಾರ. ಒಳಗಿನ ಬರ್ ಕೆಳಗೆ ತೂಗುತ್ತಿರುತ್ತದೆ. ನುಣ್ಣಗೆ ಬೀಸುವಾಗ ಎರಡು ಬರ್ ಹತ್ತಿರವಿದ್ದು ಒಂದನ್ನೊಂದು ನಡುವಿಗೆ ತಳ್ಳಿಕೊಳ್ಳುತ್ತವೆ, ಅಲುಗಾಟ ಗೊತ್ತಾಗುವುದಿಲ್ಲ. ತರಿಗೆ ಸಡಿಲಿಸಿದ ಕೂಡಲೇ ಒಂದು ಬದಿ ಸಂದು ಅಗಲ, ಇನ್ನೊಂದು ಬದಿ ಕಿರಿದು. ಹಾಗಾಗಿ 3.5 ಗ್ರಾಂ ನುಚ್ಚು, 4 ಗ್ರಾಂ ಹಿಟ್ಟು. ಬೀಸಲು ಎರಡೂವರೆ ನಿಮಿಷ. ಕಾಫಿ ಇಳಿದದ್ದು 4 ನಿಮಿಷ 10 ಸೆಕೆಂಡಿಗೆ.

ಅಂಗಡಿಯಲ್ಲೇ ಮಾಡಬಹುದಾದ ತಪಾಸಣೆ: ಸಂದನ್ನು ತರಿಯ ಹದಕ್ಕೆ ಸಡಿಲಿಸಿ, ಮಿಲ್ಲನ್ನು ತಲೆಕೆಳಗೆ ಹಿಡಿದು ಒಳ ಬರ್ ಅನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ. ಕಣ್ಣಿಗೆ ಕಾಣುವಷ್ಟು ಸರಿದರೆ ಡ್ರಿಪ್ಪಿಗೆ ಬೇಡ. ಇದೇ ಮಿಲ್ಲು ಡಿಕಾಕ್ಷನ್ ಪುಡಿಗೆ ಮೋಸವಿಲ್ಲದೆ ಕೆಲಸ ಮಾಡುತ್ತದೆ, ಮನೆಯಲ್ಲಿ ಫಿಲ್ಟರ್ ಕಾಫಿ ಮಾತ್ರ ಮಾಡುವವರು ಇಲ್ಲಿಗೇ ನಿಲ್ಲಬಹುದು. ಸೆರಾಮಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ಸಮುದ್ರದಂಡೆಯ ಊರಿನಲ್ಲಿ ನಿಜವಾದ ಗುಣ. ಆದರೆ ಬೀಜದ ಜೊತೆ ಒಂದು ಕಲ್ಲಿನ ಹರಳು ಸಿಕ್ಕಿದರೆ ಹಲ್ಲು ಹಾರಿಹೋಗುತ್ತದೆ. ಬೀಜವನ್ನು ತಟ್ಟೆಗೆ ಹರವಿ ಒಮ್ಮೆ ಆರಿಸಿಯೇ ಹಾಕಬೇಕು.

ವಾರ 3: ಕರೆಂಟಿನವು

ಈ ಬೆಲೆಯಲ್ಲಿ ‘ಬರ್ ಗ್ರೈಂಡರ್’ ಎಂದು ಮಾರುವ ಎಲೆಕ್ಟ್ರಿಕ್ ಯಂತ್ರಗಳ ಒಳಗನ್ನು ಬಿಚ್ಚಿ ನೋಡದೆ ಕೊಳ್ಳಬಾರದು. ನಿಜವಾದ ಬರ್‌ನಲ್ಲಿ ಹರಿತ ಅಂಚಿನ, ಓರೆಯಾಗಿ ಕೊರೆದ ಗೆರೆಗಳಿರುತ್ತವೆ. ಹಲವು ಅಗ್ಗದ ಯಂತ್ರಗಳಲ್ಲಿ ಇರುವುದು ಮೊಂಡು ಗುಬ್ಬಿಗಳಿರುವ ಎರಡು ಬಿಲ್ಲೆ. ಅವು ಕತ್ತರಿಸುವುದಿಲ್ಲ, ಜಜ್ಜುತ್ತವೆ. ಅಂಥದೊಂದರಲ್ಲಿ ಅತಿ ತರಿಯ ಗುರುತಿಗೆ ಇಟ್ಟರೂ 5.5 ಗ್ರಾಂ ಹಿಟ್ಟು ಬಂತು, ಮಿಕ್ಸಿಗಿಂತ ಹೆಚ್ಚೇನೂ ಕಡಿಮೆಯಲ್ಲ. ಸದ್ದಂತೂ ಬೆಳಗಿನ ಆರು ಗಂಟೆಗೆ ಆಗುವಂಥದ್ದಲ್ಲ.

ಡ್ರಿಪ್ಪಿಗೆ ಒಳ್ಳೆಯ ಎಲೆಕ್ಟ್ರಿಕ್ ಎಂದರೆ ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು ಬರಾಟ್ಜಾ ಎನ್‌ಕೋರ್. 40 ಮಿ.ಮೀ. ಕೋನ್ ಬರ್, 40 ಹಂತ, ಬಿಡಿಭಾಗ ಬದಲಿಸಿಕೊಳ್ಳಬಹುದು. ಇಲ್ಲಿ ಅದರ ಬೆಲೆ ನಮ್ಮ 6,000ದ ಎರಡು ಪಟ್ಟಿಗೂ ಮೇಲೆ. ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವ ಯೋಚನೆ ಬಂದರೆ ಮೊದಲು ಅಡಿಯ ಚೀಟಿ ಓದಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ನೇರ ಸಿಕ್ಕಿಸಿದರೆ ಮೋಟರ್ ಸುಡುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಯಂತ್ರದ ವ್ಯಾಟಿಗಿಂತ ಎರಡು ಪಟ್ಟಿನದನ್ನು ತೆಗೆದುಕೊಳ್ಳಬೇಕು. ಆದರೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು 50 ಹರ್ಟ್ಸ್ ಅನ್ನು 60 ಮಾಡುವುದಿಲ್ಲ. ಅದರ ತೂಕ, ಜಾಗ, ಬೆಲೆ ಎಲ್ಲ ಸೇರಿಸಿ ನೋಡಿದರೆ ಲಾಭ ಉಳಿಯುವುದಿಲ್ಲ.

ವಾರ 4: ಸ್ಟೀಲ್ ಬರ್‌ನ ಕೈಗ್ರೈಂಡರ್

ಇದೇ ಹಣಕ್ಕೆ ಮೋಟರ್ ಬಿಟ್ಟುಕೊಟ್ಟರೆ ಬರ್ ಎಷ್ಟು ಸುಧಾರಿಸುತ್ತದೆ ಎಂಬುದು ಇಲ್ಲಿ ಕಂಡಿತು. ಈ ಬಗೆಯಲ್ಲಿ ಹೆಚ್ಚು ಹೆಸರಾದದ್ದು ಟೈಮೋರ್ ಸಿ2: 38 ಮಿ.ಮೀ. ಸ್ಟೀಲ್ ಕೋನ್ ಬರ್, ನಡುಗಂಬಿಗೆ ಮೇಲೊಂದು ಕೆಳಗೊಂದು ಬೇರಿಂಗ್, ಸುಮಾರು 25 ಗ್ರಾಂ ಬೀಜ ಹಿಡಿಯುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಬರ್ ಮಿಸುಕುವುದಿಲ್ಲ. 20 ಗ್ರಾಂಗೆ ಒಂದು ನಿಮಿಷ ಸಾಕು. ಜರಡಿಯಲ್ಲಿ 1 ಗ್ರಾಂ ನುಚ್ಚು, 3 ಗ್ರಾಂ ಹಿಟ್ಟು, 16 ಗ್ರಾಂ ತರಿ.

ಮೊದಲ ಕೆಲಸ ಸೊನ್ನೆ ಹಿಡಿಯುವುದು. ಗ್ರೈಂಡರ್ ಖಾಲಿ ಇರುವಾಗ ಕೆಳಗಿನ ತಿರುಗಣೆಯನ್ನು ಬಿಗಿ ಮಾಡುತ್ತಾ ಹೋಗಿ. ಹಿಡಿಕೆ ತಾನಾಗಿ ತಿರುಗದೆ ನಿಂತ ಜಾಗವೇ ಸೊನ್ನೆ. ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸಬೇಕು. ಒಂದು ಗ್ರೈಂಡರಿನ ಸೊನ್ನೆ ಇನ್ನೊಂದರದ್ದಕ್ಕೆ ಸರಿಹೊಂದುವುದಿಲ್ಲ, ಹಾಗಾಗಿ ಬೇರೆಯವರು ಹೇಳಿದ ಕ್ಲಿಕ್ ಸಂಖ್ಯೆಯನ್ನು ಕಣ್ಣುಮುಚ್ಚಿ ಇಟ್ಟುಕೊಂಡರೆ ಮೊದಲ ಕಪ್ಪು ಕೆಡುವ ಸಂಭವವೇ ಹೆಚ್ಚು. ಬೀಜ ಒಳಗಿರುವಾಗ ಬಿಗಿ ಮಾಡಲೂಬಾರದು. ಚೂರು ಸಂದಿಗೆ ಸಿಕ್ಕಿ ಸುಳ್ಳು ಸೊನ್ನೆ ತೋರಿಸುತ್ತದೆ.

ಮೂರು ದಿನ, ಮೂರು ಹದ. 18 ಕ್ಲಿಕ್: 4 ನಿಮಿಷ 5 ಸೆಕೆಂಡ್, ನಾಲಿಗೆಯ ಬುಡದಲ್ಲಿ ಒಗರು. 25 ಕ್ಲಿಕ್: 2 ನಿಮಿಷ 35 ಸೆಕೆಂಡ್, ನೀರುನೀರು, ಹುಳಿ ಮುಂದೆ. 22 ಕ್ಲಿಕ್: 3 ನಿಮಿಷ 15 ಸೆಕೆಂಡ್, ಬೆಲ್ಲದಂಥ ಸಿಹಿ ಮೊದಲ ಸಲ ಕಂಡಿತು, ಆರಿದ ಮೇಲೂ ಉಳಿಯಿತು. ಪೇಪರಿನೊಳಗಿನ ಚರಟ ಸಮತಟ್ಟಾಗಿ ಕೂತಿತ್ತು, ಗೋಡೆಗೆ ಜೇಡಿಯ ಪದರವಿಲ್ಲ.

ಬೀಸುವಾಗ ಗ್ರೈಂಡರನ್ನು ನೆಟ್ಟಗೆ ಹಿಡಿಯದೆ ತುಸು ಓರೆ ಮಾಡಿದರೆ ಬೀಜ ನಿಧಾನಕ್ಕೆ ಬರ್‌ಗೆ ಇಳಿಯುತ್ತದೆ, ಹಿಟ್ಟು ಕಡಿಮೆ. ಬೀಸುವ ಕಲ್ಲಿನ ಬಾಯಿಗೆ ಒಂದೊಂದೇ ಹಿಡಿ ಕಾಳು ಹಾಕುತ್ತಿದ್ದುದೂ ಇದಕ್ಕೇ. ಇಬ್ಬರಿಗೆ ಒಂದು ಸಲ ತುಂಬಿದರೆ ಸಾಕು, ನಾಲ್ವರಿಗಾದರೆ ಎರಡು ಸಲ ಬೀಸಬೇಕು. ಎಳೆ ಹುರಿತದ ಬೀಜ ಗಟ್ಟಿ, ತೋಳಿಗೆ ಕೆಲಸ ಹೆಚ್ಚು. ಮಣಿಕಟ್ಟಿನ ನೋವಿರುವವರು ಇದನ್ನು ಮೊದಲೇ ಯೋಚಿಸಬೇಕು. ಉಳಿದವರಿಗೆ ಈ ಬಜೆಟ್ಟಿನಲ್ಲಿ ಬೇರೆ ಯೋಚನೆ ಬೇಡ ಎಂಬುದೇ ನಮ್ಮ ತೀರ್ಮಾನ, ಆಯ್ಕೆ ಇದೇ.

ವಾರ 6: ಮಳೆ ಹಿಡಿದ ಮೇಲೆ

ಜುಲೈ ಮುಂಬಯಿಯಲ್ಲಿ ಉಪ್ಪು ನೀರಾಗುವ ತಿಂಗಳು. ಅದೇ 22 ಕ್ಲಿಕ್ಕಿಗೆ ಕಾಫಿ 3 ನಿಮಿಷ 40 ಸೆಕೆಂಡಿಗೆ ಇಳಿಯತೊಡಗಿತು. ಬಿಚ್ಚಿ ನೋಡಿದರೆ ಹೊರ ಬರ್‌ನ ಕೆಳ ಅಂಚಿನಲ್ಲಿ ತೇವ ಹೀರಿದ ಹಳೆಯ ಪುಡಿ ಉಂಗುರದಂತೆ ಗಟ್ಟಿಯಾಗಿ ಕೂತಿದೆ. ಒಣ ಬ್ರಶ್ಶಿನಿಂದ ಕೆರೆದು ತೆಗೆದ ಮೇಲೆ 3 ನಿಮಿಷ 20 ಸೆಕೆಂಡಿಗೆ ಮರಳಿತು. ಈಗ ಪ್ರತಿ ಸಲ ಬೀಸಿದ ಕೂಡಲೇ ಬ್ರಶ್, ವಾರಕ್ಕೊಮ್ಮೆ ಬರ್ ಬಿಚ್ಚುವುದು. ಬಿಚ್ಚುವಾಗ ತಿರುಗಣೆ, ಬರ್, ಸ್ಪ್ರಿಂಗ್, ವಾಷರುಗಳನ್ನು ಬಂದ ಕ್ರಮದಲ್ಲೇ ಸಾಲಾಗಿ ಇಡಿ. ಸ್ಪ್ರಿಂಗ್ ಬಿಟ್ಟುಹೋದರೆ ಕ್ಲಿಕ್ ನಿಲ್ಲುವುದಿಲ್ಲ, ಬೀಸುತ್ತಿರುವಾಗಲೇ ಹದ ಜಾರುತ್ತದೆ.

ನೀರು ಮುಟ್ಟಿಸಬಾರದು. ಸ್ಟೀಲಿನದಾದರೂ ಈ ಹವೆಯಲ್ಲಿ ಸಂದುಗೊಂದಿನ ನೀರು ಒಣಗುವುದೇ ಇಲ್ಲ, ಬೇರಿಂಗಿಗೆ ತುಕ್ಕು ಹತ್ತುತ್ತದೆ. ಅಕ್ಕಿ ಹಾಕಿ ಬೀಸಿ ಸ್ವಚ್ಛ ಮಾಡುವ ಸಲಹೆಯೂ ಬೇಡ. ಅಕ್ಕಿ ಹುರಿದ ಕಾಫಿ ಬೀಜಕ್ಕಿಂತ ಗಟ್ಟಿ, ಅದರ ಹಿಟ್ಟು ಸಂದಿನಲ್ಲಿ ಕೂತು ತೇವ ಹೀರುತ್ತದೆ. ಮೂರು ಗ್ರಾಂ ಹಳೆಯ ಬೀಜ ಬೀಸಿ ಎಸೆದರೆ ಸಾಕು. ಹುರಿದ ಚಿಕೋರಿ ತುಂಡನ್ನಂತೂ ಮಳೆಗಾಲದಲ್ಲಿ ಇದರೊಳಗೆ ಹಾಕಲೇಬಾರದು, ಜಿಗುಟಾಗಿ ಬರ್‌ಗೆ ಅಂಟುತ್ತದೆ. ಡಿಕಾಕ್ಷನ್ನಿಗೆ ಬೇಕಿದ್ದರೆ ಚಿಕೋರಿ ಪುಡಿಯನ್ನೇ ತಂದು ಆಮೇಲೆ ಬೆರೆಸಿಕೊಳ್ಳಿ.

ಪುಡಿ ಹಾರಿ ಡಬ್ಬಿಯ ಗೋಡೆಗೆ ಅಂಟುವ ಸ್ಟ್ಯಾಟಿಕ್ ತೊಂದರೆ ಈಗ ಇಲ್ಲ. ಪುಣೆಯ ಒಣ ಚಳಿಯಲ್ಲಿ ಬೀಸುವವರು ಚಮಚದ ಹಿಡಿಕೆಯನ್ನು ನೀರಿಗದ್ದಿ ಕೊಡವಿ ಬೀಜದಲ್ಲಿ ಒಮ್ಮೆ ತಿರುಗಿಸಿದರೆ ಅದು ನಿಲ್ಲುತ್ತದೆ. ಮಳೆಗಾಲದ ಮುಂಬಯಿಯಲ್ಲಿ ಆ ಒಂದು ಹನಿಯೂ ಬೇಡ.

ಗ್ರೈಂಡರಿನ ಡಬ್ಬಿಗೆ ಅಂಟಿಸಿದ ಪಟ್ಟಿಯಲ್ಲಿ ಈಗ ಇರುವುದು: ಪ್ಲಾಂಟೇಷನ್ ಎ, 20 ಗ್ರಾಂ, ಸೊನ್ನೆಯಿಂದ 22, ಮಳೆಗಾಲ 23. ಅದರ ಕೆಳಗಿನ ಸಾಲು ಮಾನ್ಸೂನ್ಡ್ ಮಲಬಾರಿಗೆ, ಅಂದರೆ ಮಳೆಗಾಲದ ತೇವದ ಗಾಳಿಗೆ ಒಡ್ಡಿ ಹದ ಮಾಡಿದ ಬೀಜಕ್ಕೆ, ಖಾಲಿ ಬಿಟ್ಟಿದೆ. ಆ ಬೀಜ ಊದಿಕೊಂಡಿರುವುದರಿಂದ 20 ಗ್ರಾಂ ಒಂದೇ ಸಲಕ್ಕೆ ಹಿಡಿಯುತ್ತದೆಯೇ ಎಂಬುದನ್ನು ಬರುವ ಶನಿವಾರ ಮೊದಲು ನೋಡಬೇಕು.